ತುಳಸಿಯ ಬಳಗವೂ ಪರಾಗದ ಸಾಕ್ಷ್ಯವೂ

ಮನೆಯ ಮುಂದಿನ ಬೃಂದಾವನದಲ್ಲಿ ತುಳಸಿ ಇದೆ. ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವೆಡೆ ಪುದೀನ ಹಬ್ಬಿದೆ. ಬೇಲಿಯ ಮಗ್ಗುಲಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ, ಬಿಳಿಯ ಹೂಗಳನ್ನು ಹೊತ್ತು ತುಂಬೆ ನಿಂತಿದೆ. ಈ ಮೂರೂ ಒಂದೇ ಕುಟುಂಬಕ್ಕೆ ಸೇರಿದ ಗಿಡಗಳೆಂಬುದನ್ನು ಸಸ್ಯಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳಿ ನೋಡೋಣ. ಈ ಮೂರರಲ್ಲಿ ಯಾವ ಎರಡು ಒಂದಕ್ಕೊಂದು ಹೆಚ್ಚು ಹತ್ತಿರದ ನಂಟರು? ಪುದೀನವು ತುಳಸಿಗೆ ಸಮೀಪವೋ, ತುಂಬೆಗೆ ಸಮೀಪವೋ?

ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊರೆತ ಉತ್ತರ ಒಂದು; 1945ರಲ್ಲಿ ದೊರೆತ ಉತ್ತರ ಅದಕ್ಕೆ ವಿರುದ್ಧವಾದುದು. ಹಳೆಯ ಉತ್ತರವನ್ನು ಕೆಡವಿದ ಸಾಕ್ಷಿ ಎಲೆಯಲ್ಲ, ಬೇರಲ್ಲ, ಹೂವಿನ ದಳವೂ ಅಲ್ಲ. ಬರಿಯ ಕಣ್ಣಿಗೆ ಹಳದಿಯ ಧೂಳಾಗಿ ಮಾತ್ರ ಕಾಣುವ ಪರಾಗ. ನಾವು ಬೋಧಿಸುವುದು ಭೌತಶಾಸ್ತ್ರವನ್ನು. ಆದರೂ ಈ ಕಥೆಯಲ್ಲಿ ನಮಗೂ ಒಂದು ಪಾಲು ಉಂಟು. ಏಕೆಂದರೆ ಪರಾಗದ ಕಣವೊಂದು ತನ್ನ ಗೋಡೆಯನ್ನು ಮಡಿಸುವ ಬಗೆ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟದ್ದು.

ಕುಟುಂಬದ ಪರಿಚಯ

ತುಳಸಿಯ ಕುಟುಂಬಕ್ಕೆ ಹಿಂದೆ ಲೇಬಿಯೇಟೀ ಎಂಬ ಹೆಸರಿತ್ತು. ಲ್ಯಾಟಿನ್ ಭಾಷೆಯಲ್ಲಿ ಲೇಬಿಯಮ್ ಎಂದರೆ ತುಟಿ. ದಳಗಳು ಒಂದುಗೂಡಿ ನಳಿಗೆಯಾಗಿ, ನಳಿಗೆಯ ಬಾಯಿ ಮೇಲ್ತುಟಿ ಕೆಳತುಟಿಗಳಾಗಿ ತೆರೆದಿರುವುದರಿಂದ ಈ ಹೆಸರು ಬಂದಿತು. ಈಗ ಲೇಮಿಯೇಸೀ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ಕೈಗೆ ತಗಲುತ್ತವೆ. ಎಲೆಗಳು ಎದುರುಬದುರಾಗಿ, ಜೋಡಿ ಜೋಡಿಯಾಗಿ ಹುಟ್ಟುತ್ತವೆ. ತುಳಸಿಯ ಒಣಗಿದ ತೆನೆಯನ್ನು ಅಂಗೈಯಲ್ಲಿ ತಿಕ್ಕಿದವರು, ಒಂದೊಂದು ಹೂವಿನ ಬುಡದಿಂದ ನಾಲ್ಕು ಪುಟ್ಟ ಬೀಜದಂತಹ ಕಾಯಿಗಳು ಉದುರುವುದನ್ನು ಕಂಡಿರಬಹುದು. ಇವೆಲ್ಲ ಈ ಕುಟುಂಬದ ಪರಿಚಿತ ಗುರುತುಗಳು. 2004ರಲ್ಲಿ ಪ್ರಕಟವಾದ ಗಣನೆಯಂತೆ ಇದರಲ್ಲಿ 236 ಜಾತಿಗಳೂ ಸುಮಾರು 7200 ಪ್ರಭೇದಗಳೂ ಇವೆ.

ಇಷ್ಟು ದೊಡ್ಡ ಸಂಸಾರವನ್ನು ಒಳಪಂಗಡಗಳಾಗಿ ವಿಂಗಡಿಸದೆ ಅಭ್ಯಾಸ ಮಾಡುವುದು ಅಸಾಧ್ಯ. ಆಂಗ್ಲ ಸಸ್ಯವಿಜ್ಞಾನಿ ಜಾರ್ಜ್ ಬೆಂಥಮ್ 1832ರಿಂದ 1836ರವರೆಗೆ ಈ ಕುಟುಂಬದ ಮೇಲೆ ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. 1895ರಿಂದ 1897ರ ಅವಧಿಯಲ್ಲಿ ಸ್ವಿಸ್ ವಿದ್ವಾಂಸನಾದ ಜಾನ್ ಬ್ರಿಕೆ ಆ ಕೆಲಸವನ್ನು ಮುಂದುವರಿಸಿ ಕುಟುಂಬವನ್ನು ಹಲವು ಉಪಕುಟುಂಬಗಳಾಗಿ ಹಂಚಿದನು. ಇವರು ಆಧಾರವಾಗಿ ಹಿಡಿದದ್ದು ಹೂವಿನ ರಚನೆಯನ್ನು: ಪುಷ್ಪಪಾತ್ರೆಯ ಹಲ್ಲುಗಳು, ತುಟಿಗಳ ಆಕಾರ, ಕೇಸರಗಳು ಬಾಗಿರುವ ದಿಕ್ಕು, ಕಾಯಿಗಳು ಅಂಟಿಕೊಂಡಿರುವ ರೀತಿ. ತುಳಸಿಯಲ್ಲಿ ಕೇಸರಗಳು ಕೆಳತುಟಿಯ ಕಡೆಗೆ ಬಾಗಿ ಮಲಗಿರುತ್ತವೆ. ತುಂಬೆಯಲ್ಲಿ ಅವು ಮೇಲ್ತುಟಿಯ ಚಾವಣಿಯ ಅಡಿಯಲ್ಲಿ ಅಡಗಿ ನಿಲ್ಲುತ್ತವೆ. ಪುದೀನದ ಕೇಸರಗಳಾದರೋ ತುಳಸಿಯಂತೆ ಕೆಳಕ್ಕೆ ಬಾಗಿದವಲ್ಲ. ಈ ಬಗೆಯ ಗುರುತುಗಳ ಮೇಲೆ ಬ್ರಿಕೆ ತುಳಸಿಗೆ ಒಂದು ಉಪಕುಟುಂಬವನ್ನು ಬೇರೆಯಾಗಿ ಕೊಟ್ಟು, ಪುದೀನವನ್ನೂ ತುಂಬೆಯನ್ನೂ ಮತ್ತೊಂದು ವಿಶಾಲವಾದ ಉಪಕುಟುಂಬದೊಳಗೆ ಇರಿಸಿದನು. ನಮ್ಮ ಪ್ರಶ್ನೆಗೆ ಮೊದಲನೆಯ ಉತ್ತರ ಇದು: ಪುದೀನ ತುಂಬೆಯ ಕಡೆಯದು.

ಹೂವನ್ನು ನಂಬುವುದು ಸಹಜವೇ. ಆದರೆ ಒಂದು ತೊಂದರೆಯಿದೆ. ಹೂವು ತನ್ನ ಬಳಿಗೆ ಬರುವ ಜೇನ್ನೊಣ, ಚಿಟ್ಟೆ, ಹಕ್ಕಿಗಳಿಗೆ ತಕ್ಕಂತೆ ಮಾರ್ಪಡುತ್ತದೆ. ಕೀಟದ ಬೆನ್ನಿಗೆ ಪರಾಗವನ್ನು ಬಳಿಯಬೇಕಾದ ಹೂವಿನಲ್ಲಿ ಕೇಸರ ಮೇಲೆ ಇರಬೇಕು. ಹೊಟ್ಟೆಗೆ ಬಳಿಯಬೇಕಾದರೆ ಕೆಳಗೆ ಇರಬೇಕು. ಒಂದೇ ಕಸುಬನ್ನು ಹಿಡಿದ ಇಬ್ಬರು ಒಂದೇ ಬಗೆಯ ಉಡುಪನ್ನು ತೊಟ್ಟ ಮಾತ್ರಕ್ಕೆ ಅವರು ಅಣ್ಣತಮ್ಮಂದಿರೆಂದು ಹೇಳಲಾದೀತೇ? ಹಾಗೆಯೇ ದೂರದ ಗಿಡಗಳು ಒಂದೇ ಬಗೆಯ ಹೂವನ್ನು ತಳೆಯಬಹುದು. ಹತ್ತಿರದ ಗಿಡಗಳು ಬೇರೆ ಬಗೆಯ ಹೂವನ್ನು ತಳೆಯಬಹುದು. ಆದುದರಿಂದ ಹೂವಿನ ಹೊರವೇಷದ ಜೊತೆಗೆ ಬೇರೊಂದು ಸಾಕ್ಷಿಯೂ ಬೇಕಾಯಿತು.

ಪರಾಗಕಣದ ಗೋಡೆ

ಪರಾಗವೆಂದರೆ ಗಂಡು ಬೀಜಾಣುವನ್ನು ಹೊತ್ತೊಯ್ಯುವ ಒಂದು ಡಬ್ಬಿ. ತುಳಸಿಯ ಕುಟುಂಬದಲ್ಲಿ ಕಣದ ಅಗಲ ಬಹುಮಟ್ಟಿಗೆ 20ರಿಂದ 60 ಮೈಕ್ರೋಮೀಟರಿನವರೆಗೆ ಇರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರೋಮೀಟರು. 40 ಮೈಕ್ರೋಮೀಟರು ಅಗಲದ ಕಣಗಳನ್ನು ಒತ್ತಾಗಿ ಸಾಲಿಟ್ಟರೆ ಒಂದು ಮಿಲಿಮೀಟರಿನ ಉದ್ದಕ್ಕೆ 25 ಕಣಗಳು ಹಿಡಿಸುತ್ತವೆ.

ಈ ಡಬ್ಬಿಗೆ ಎರಡು ಗೋಡೆಗಳಿವೆ. ಒಳಗೋಡೆ ಮೆದುವಾದುದು. ಹೊರಗೋಡೆಯನ್ನು ಸ್ಪೋರೊಪಾಲೆನಿನ್ ಎಂಬ ವಸ್ತುವಿನಿಂದ ಕಟ್ಟಲಾಗಿದೆ. ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಇದರಷ್ಟು ಗಟ್ಟಿಯಾದುದು, ಕೊಳೆಯದೆ ಉಳಿಯುವಂಥದು ಅತಿ ವಿರಳ. ಕೆರೆಯ ಕೆಸರಿನಲ್ಲಿ ಹೂತುಹೋದ ಪರಾಗದ ಹೊರಗೋಡೆ ಲಕ್ಷಾಂತರ ವರ್ಷಗಳ ಅನಂತರವೂ ತನ್ನ ಆಕಾರವನ್ನು ಕಳೆದುಕೊಳ್ಳದೆ ದೊರೆಯುವುದುಂಟು. ಸ್ವೀಡನ್ನಿನ ಗುನ್ನಾರ್ ಎರ್ಡ್‌ಮನ್ ಎಂಬ ವಿಜ್ಞಾನಿ ಈ ಗಟ್ಟಿತನವನ್ನೇ ತನ್ನ ಉಪಾಯವನ್ನಾಗಿ ಮಾಡಿಕೊಂಡನು. ಒಂಬತ್ತು ಪಾಲು ಅಸೆಟಿಕ್ ಆನ್‌ಹೈಡ್ರೈಡ್, ಒಂದು ಪಾಲು ಪ್ರಬಲ ಗಂಧಕಾಮ್ಲ, ಇವೆರಡನ್ನು ಬೆರೆಸಿ, ಅದರಲ್ಲಿ ಪರಾಗವನ್ನು ಹಾಕಿ ಬಿಸಿಮಾಡಿದರೆ, ಕಣದ ಒಳಗಿನ ತಿರುಳು, ಮೇಲೆ ಅಂಟಿದ ಎಣ್ಣೆ, ಒಳಗೋಡೆ ಎಲ್ಲವೂ ನಾಶವಾಗಿ ಹೊರಗೋಡೆಯೊಂದೇ ಸ್ವಚ್ಛವಾಗಿ ಉಳಿಯುತ್ತದೆ. ಅದರ ಮೇಲಿನ ಕೆತ್ತನೆ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈ ವಿಧಾನದ ಪರಿಷ್ಕೃತ ವಿವರಣೆಯನ್ನು ಎರ್ಡ್‌ಮನ್ 1960ರಲ್ಲಿ ಪ್ರಕಟಿಸಿದನು. ವಿದ್ಯಾರ್ಥಿಗಳು ಇದನ್ನು ತಾವಾಗಿ ಮಾಡಹೊರಡಬಾರದು. ಈ ಮಿಶ್ರಣ ನೀರು ತಗಲಿದರೆ ಉಗ್ರವಾಗಿ ಸಿಡಿಯುತ್ತದೆ.

ಸೀಳುಗಳು ಏತಕ್ಕೆ?

ಸಿಹಿಗುಂಬಳದ ಮೇಲೆ ತೊಟ್ಟಿನಿಂದ ಬುಡದವರೆಗೆ ಇಳಿಯುವ ತಗ್ಗುಗೆರೆಗಳನ್ನು ಎಲ್ಲರೂ ನೋಡಿದ್ದೇವೆ. ಪರಾಗಕಣದ ಹೊರಗೋಡೆಯ ಮೇಲೂ ಅಂತಹ ಗೆರೆಗಳಿವೆ. ಇವನ್ನು ಇಲ್ಲಿ ಸೀಳುಗಳೆಂದು ಕರೆಯೋಣ. ಸೀಳೆಂದರೆ ಪೂರ್ತಿ ತೆರೆದ ಬಿರುಕಲ್ಲ; ಹೊರಗೋಡೆ ಬಹಳ ತೆಳುವಾಗಿರುವ ಪಟ್ಟಿ ಅಷ್ಟೆ. ಕಣ ಶಲಾಕಾಗ್ರವನ್ನು ತಲಪಿದಾಗ ಪರಾಗನಳಿಗೆ ಹೊರಬರುವುದು ಸಾಮಾನ್ಯವಾಗಿ ಇಂತಹ ಒಂದು ಪಟ್ಟಿಯ ಮೂಲಕ.

ಸೀಳಿಗೆ ಇನ್ನೊಂದು ಕೆಲಸವೂ ಉಂಟು. ಪರಾಗಕೋಶ ಒಡೆದೊಡನೆ ಕಣ ಒಣಗಾಳಿಗೆ ಬೀಳುತ್ತದೆ. ಅದರೊಳಗಿನ ನೀರು ಆರತೊಡಗಿ ಗಾತ್ರ ಕುಗ್ಗುತ್ತದೆ. ಗೋಡೆಯ ವಿಸ್ತೀರ್ಣ ಅಷ್ಟೇ ಇದ್ದು ಒಳಗಿನ ಗಾತ್ರ ಮಾತ್ರ ಕಡಿಮೆಯಾದರೆ ಗೋಡೆ ಎಲ್ಲಿಯಾದರೂ ಮಡಿಸಿಕೊಳ್ಳಲೇಬೇಕು. ಇಲ್ಲಿ ಭೌತಶಾಸ್ತ್ರದ ಒಂದು ಸರಳ ನಿಯಮ ನೆರವಿಗೆ ಬರುತ್ತದೆ. ತೆಳುವಾದ ಹಾಳೆಯೊಂದನ್ನು ಎಳೆದು ಹಿಗ್ಗಿಸಲು ಬೇಕಾದ ಬಲ ಅದರ ದಪ್ಪಕ್ಕೆ ಅನುಗುಣವಾಗಿರುತ್ತದೆ. ಬಾಗಿಸುವುದಕ್ಕೆ ಅದು ಒಡ್ಡುವ ಪ್ರತಿರೋಧವಾದರೋ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ಅರ್ಧವಾದರೆ ಬಾಗುವಿಕೆಯ ಪ್ರತಿರೋಧ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಮಡಿಕೆ ಬೀಳುವುದು ಸೀಳಿನಲ್ಲಿಯೇ. ಸೀಳಿನ ಎರಡು ಅಂಚುಗಳು ಒಳಕ್ಕೆ ಜಾರಿ ಒಂದನ್ನೊಂದು ಮುಟ್ಟುತ್ತವೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗಿನ ಉಳಿದ ನೀರು ಬೇಗ ಆರಿಹೋಗದು. ತೇವವುಳ್ಳ ಶಲಾಕಾಗ್ರಕ್ಕೆ ಬಿದ್ದಾಗ ಕಣ ಮತ್ತೆ ಉಬ್ಬಿ ಬಾಗಿಲು ತೆರೆಯುತ್ತದೆ. ಕೊಡೆಯನ್ನು ಮಡಿಸುವುದಕ್ಕೂ ಬಿಚ್ಚುವುದಕ್ಕೂ ಇದನ್ನು ಹೋಲಿಸಬಹುದು. ಅಮೆರಿಕದ ಸಸ್ಯವಿಜ್ಞಾನಿ ವುಡ್‌ಹೌಸ್ 1935ರಲ್ಲಿಯೇ ಈ ಮಡಿಕೆಗೆ ಒಂದು ಹೆಸರನ್ನು ಕೊಟ್ಟನು. 2010ರಲ್ಲಿ ಎಲೆನಿ ಕಟಿಫೋರಿ ಮತ್ತು ಅವರ ಸಹೋದ್ಯೋಗಿಗಳು ಗಣಿತದ ಮೂಲಕ, ಸೀಳುಗಳ ಸಂಖ್ಯೆ ಮತ್ತು ಆಕಾರಗಳು ಕಣ ಮಡಿಸುವ ದಾರಿಯನ್ನು ಹೇಗೆ ನಿರ್ಧರಿಸುತ್ತವೆಂಬುದನ್ನು ತೋರಿಸಿದರು.

ಮೂರೋ, ಆರೋ?

ಈಗ ನಮ್ಮ ಮೂರು ಗಿಡಗಳಿಗೆ ಹಿಂದಿರುಗೋಣ. ಕಣವನ್ನು ಅದರ ಧ್ರುವದ ಕಡೆಯಿಂದ, ಎಂದರೆ ಕುಂಬಳವನ್ನು ತೊಟ್ಟಿನ ಕಡೆಯಿಂದ ನೋಡುವಂತೆ, ನೋಡಬೇಕು. ತುಂಬೆಯ ಕಣದಲ್ಲಿ ಮೂರು ಸೀಳುಗಳು, ಒಂದರಿಂದ ಇನ್ನೊಂದಕ್ಕೆ ಸುಮಾರು 120 ಅಂಶಗಳ ಅಂತರದಲ್ಲಿ ಕಾಣುತ್ತವೆ. ತುಳಸಿಯ ಕಣದಲ್ಲಿ ಸೀಳುಗಳು ಆರು. ಅದರ ಹೊರಗೋಡೆಯ ಮೇಲೆ ದೊಡ್ಡ ಕಣ್ಣುಗಳ ಬಲೆಯೂ, ಆ ಬಲೆಯ ಕಣ್ಣುಗಳೊಳಗೆ ಇನ್ನೂ ಸಣ್ಣ ಬಲೆಯೂ ಹೆಣೆದಿವೆ. ಪುದೀನ ಯಾರ ಕಡೆಗೆ? ಅದರಲ್ಲಿಯೂ ಸೀಳುಗಳು ಆರೇ.

1945ರಲ್ಲಿ ಎರ್ಡ್‌ಮನ್ ಈ ಕುಟುಂಬದ ಪರಾಗವನ್ನು ಕುರಿತು ತನ್ನ ಪ್ರಬಂಧವನ್ನು ಪ್ರಕಟಿಸಿದಾಗ ಒಂದು ದೊಡ್ಡ ಸರಳತೆ ಹೊರಬಿದ್ದಿತು. ಹೂವಿನ ಆಧಾರದ ಮೇಲೆ ಹಲವಾಗಿ ಹಂಚಿಹೋಗಿದ್ದ ಕುಟುಂಬ ಪರಾಗದ ಆಧಾರದ ಮೇಲೆ ಎರಡೇ ಪಂಗಡಗಳಾಗಿ ನಿಂತಿತು. ಒಂದು ಪಂಗಡದಲ್ಲಿ ಸೀಳುಗಳು ಸಾಮಾನ್ಯವಾಗಿ ಮೂರು. ಕಣ ಉದುರುವ ವೇಳೆಗೆ ಅದರೊಳಗೆ ಎರಡು ಜೀವಕೋಶಗಳು. ಇನ್ನೊಂದರಲ್ಲಿ ಸೀಳುಗಳು ಸಾಮಾನ್ಯವಾಗಿ ಆರು; ಜೀವಕೋಶಗಳು ಮೂರು, ಏಕೆಂದರೆ ಗಂಡು ಕೋಶಗಳನ್ನು ಕೊಡುವ ವಿಭಜನೆ ಕಣ ಉದುರುವ ಮೊದಲೇ ಮುಗಿದಿರುತ್ತದೆ. ಮೊದಲನೆಯದಕ್ಕೆ ಲೇಮಿಯಾಯ್ಡಿಯೀ ಎಂದೂ ಎರಡನೆಯದಕ್ಕೆ ನೆಪಟಾಯ್ಡಿಯೀ ಎಂದೂ ಹೆಸರು. ನೆನಪಿನ ಸೌಕರ್ಯಕ್ಕಾಗಿ ನಾವು ಅವನ್ನು ತುಂಬೆಯ ಪಂಗಡ, ತುಳಸಿಯ ಪಂಗಡ ಎಂದು ಕರೆಯೋಣ. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಪುದೀನ ಇವೆಲ್ಲ ಎರಡನೆಯ ಪಂಗಡದವು. ನಮ್ಮ ಪ್ರಶ್ನೆಗೆ ಎರಡನೆಯ ಉತ್ತರ ಹೀಗೆ ಬಂದಿತು: ಪುದೀನ ತುಳಸಿಯ ಕಡೆಯದು.

ಇದನ್ನು ಹೇಳಲು ಪರಾಗವೇ ಏಕೆ ಬೇಕು, ಮೂಗು ಸಾಲದೇ ಎಂದು ವಾಚಕರು ಕೇಳಬಹುದು. ತುಳಸಿಗೂ ಪುದೀನಕ್ಕೂ ಘಮವಿದೆಯಷ್ಟೆ. ಆದರೆ ಮೂಗು ಎಲ್ಲ ಕಡೆಯೂ ನಂಬತಕ್ಕದ್ದಲ್ಲ. ಸುಗಂಧತೈಲಕ್ಕೆ ಹೆಸರಾದ ಪಚ್ಚೆತೆನೆಯ ಪರಾಗದಲ್ಲಿ ಸೀಳುಗಳು ಮೂರೇ. ಅದು ತುಂಬೆಯ ಪಂಗಡಕ್ಕೆ ಸೇರಿದ್ದು.

ಹೋಲಿಕೆ ಎಂದರೇನು?

ಕಥೆ ಇಲ್ಲಿಗೆ ಮುಗಿದಿದ್ದರೆ ಪರಾಗಕ್ಕೆ ಜಯಕಾರ ಹಾಕಿ ಸುಮ್ಮನಾಗಬಹುದಾಗಿತ್ತು. ಆದರೆ ಎರ್ಡ್‌ಮನ್ನನ ವಿಂಗಡಣೆಯಲ್ಲಿ ಒಂದರ್ಧ ನಿಂತಿತು, ಇನ್ನೊಂದರ್ಧ ಬಿದ್ದಿತು. ಏಕೆಂಬುದನ್ನು ತಿಳಿದುಕೊಳ್ಳುವುದೇ ಈ ಪಾಠದ ತಿರುಳು.

ಹಳೆಯ ಕಾವ್ಯವೊಂದರ ಓಲೆಗರಿಯ ಪ್ರತಿಗಳನ್ನು ಸಂಪಾದಕರು ಹೇಗೆ ಪರಿಶೀಲಿಸುತ್ತಾರೆಂಬುದನ್ನು ನೆನೆಯೋಣ. ಅವರ ಮುಂದೆ ಹತ್ತು ಪ್ರತಿಗಳಿವೆ. ಒಂದು ಪದ್ಯದಲ್ಲಿ ಏಳು ಪ್ರತಿಗಳು ಕವಿ ಬರೆದ ಮೂಲಪಾಠವನ್ನೇ ಉಳಿಸಿಕೊಂಡಿವೆ. ಮೂರು ಪ್ರತಿಗಳಲ್ಲಿ ಒಂದೇ ಬಗೆಯ ಹೊಸ ತಪ್ಪು ಕಾಣುತ್ತದೆ. ಆ ಮೂರು ಪ್ರತಿಗಳು ಒಂದೇ ತಾಯಿಪ್ರತಿಯಿಂದ ಇಳಿದವೆಂದು ಊಹಿಸಲು ಬಲವಾದ ಕಾರಣವಿದೆ. ಆ ತಪ್ಪು ಒಬ್ಬ ಲಿಪಿಕಾರನಿಂದ ಹುಟ್ಟಿ ಮುಂದಕ್ಕೆ ಹರಿದಿದೆ. ಆದರೆ ಉಳಿದ ಏಳು? ಅವು ಒಂದಕ್ಕೊಂದು ಹತ್ತಿರದವೆಂದು ಹೇಳಲು ಏನೂ ಆಧಾರವಿಲ್ಲ. ಮೂಲದಲ್ಲಿದ್ದುದನ್ನು ಕಳೆದುಕೊಳ್ಳದೆ ಇರುವುದು ವಿಶೇಷ ನಂಟಿನ ಗುರುತಲ್ಲ. ಹೊಸದಾಗಿ ಬಂದುದನ್ನು ಒಟ್ಟಿಗೆ ಪಡೆದಿರುವುದು ಮಾತ್ರ ನಂಟಿನ ಗುರುತು.

ಪರಾಗಕ್ಕೂ ಇದೇ ನಿಯಮ. ಮೂರು ಸೀಳುಗಳು ತುಂಬೆಯ ಸ್ವಂತ ಸೊತ್ತಲ್ಲ. ಸಾಸಿವೆಯ ಪರಾಗದಲ್ಲಿಯೂ ಸೀಳುಗಳು ಮೂರು. ತಾವರೆಯ ಪರಾಗದಲ್ಲಿಯೂ ಮೂರು. ದ್ವಿದಳ ಸಸ್ಯಗಳ ಮಹಾಶಾಖೆಯೊಂದರ ಆದಿಯಿಂದಲೂ ಇಳಿದುಬಂದ ಗುಣ ಅದು. ಮೂರು ಸೀಳಿನ ಪಳೆಯುಳಿಕೆಗಳು ಸುಮಾರು 12.5 ಕೋಟಿ ವರ್ಷಗಳಷ್ಟು ಹಿಂದಿನ ಪದರಗಳಿಂದಲೇ ದೊರೆಯತೊಡಗುತ್ತವೆ. ಆದುದರಿಂದ ಮೂರು ಸೀಳುಳ್ಳವನ್ನೆಲ್ಲ ಒಟ್ಟುಗೂಡಿಸಿ ಒಂದು ಪಂಗಡವನ್ನು ಕಟ್ಟುವುದೆಂದರೆ, ತಪ್ಪಿಲ್ಲದ ಏಳು ಓಲೆಪ್ರತಿಗಳನ್ನು ಒಂದೇ ಮನೆತನವೆಂದು ಸಾರಿದಂತೆ. ಆರು ಸೀಳುಗಳಾದರೋ ಈ ಕುಟುಂಬದೊಳಗೆ ಹೊಸದಾಗಿ ತಲೆದೋರಿದ ಗುಣ.

ಹೊಸ ಗುಣವೊಂದು ಸಿಕ್ಕಿತೆಂದು ಅದೊಂದನ್ನೇ ನೆಚ್ಚಬಹುದೇ? ಅದೂ ಸಲ್ಲದು. ಬೇರೆ ಬೇರೆ ಲಿಪಿಕಾರರು ಒಂದೇ ತಪ್ಪನ್ನು ಮಾಡುವುದುಂಟು. ಕಣದೊಳಗೆ ಮೂರು ಜೀವಕೋಶಗಳಿರುವ ಗುಣವನ್ನೇ ನೋಡಿರಿ: ತುಳಸಿಗೆ ದೂರವಾದ ಸಾಸಿವೆಯಲ್ಲಿಯೂ ಅದಿದೆ. ಆದುದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷಿಗಳು ಒಂದೇ ಮಾತನ್ನು ಹೇಳಬೇಕು. 1986ರಲ್ಲಿ ಫಿಲಿಪ್ ಕ್ಯಾಂಟಿನೊ ಮತ್ತು ರೋಜರ್ ಸ್ಯಾಂಡರ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಇಂತಹ ವಿಚಾರಣೆಯನ್ನು ನಡೆಸಿದರು. ತುಳಸಿಯ ಪಂಗಡದಲ್ಲಿ ಆರು ಸೀಳು, ಮೂರು ಜೀವಕೋಶ ಇವುಗಳ ಜೊತೆಗೆ ರೋಸ್ಮರಿನಿಕ್ ಆಮ್ಲವೆಂಬ ರಾಸಾಯನಿಕವೂ, ಭ್ರೂಣದ ರಚನೆಯ ವಿಶೇಷವೂ ಕೂಡಿಬಂದವು. ಕಣದ ಗೋಡೆಗೂ ಎಲೆಯ ಆಮ್ಲಕ್ಕೂ ಭ್ರೂಣದ ಆಕಾರಕ್ಕೂ ಕಾರ್ಯದಲ್ಲಿ ನೇರ ಸಂಬಂಧವಿಲ್ಲ. ಆದರೂ ಮೂರೂ ಒಟ್ಟಿಗೆ ಬರುವುದಾದರೆ ಅವು ಒಬ್ಬನೇ ಪೂರ್ವಿಕನಿಂದ ಬಂದಿರಬೇಕು. ಮೂರು ಸೀಳಿನ ಪಂಗಡಕ್ಕೆ ಅಂತಹ ಒಮ್ಮತದ ಸಾಕ್ಷ್ಯ ದೊರೆಯಲಿಲ್ಲ. 1990ರ ದಶಕದಿಂದ ಡಿ.ಎನ್.ಎ. ಪರೀಕ್ಷೆಗಳು ಬಂದಾಗ ತುಳಸಿಯ ಪಂಗಡ ಒಡೆಯದೆ ಉಳಿಯಿತು. ಎರ್ಡ್‌ಮನ್ನನ ಮೂರು ಸೀಳಿನ ಪಂಗಡ ಹಲವು ಉಪಕುಟುಂಬಗಳಾಗಿ ಒಡೆಯಿತು. ತುಂಬೆ, ಪಚ್ಚೆತೆನೆಗಳಿರುವ ಉಪಕುಟುಂಬಕ್ಕೆ ಹಳೆಯ ಹೆಸರು ಉಳಿಯಿತು. 2017ರ ವರ್ಗೀಕರಣದಲ್ಲಿ ಇಡೀ ಕುಟುಂಬಕ್ಕೆ 12 ಉಪಕುಟುಂಬಗಳು. ಅವುಗಳಲ್ಲಿ ಆರು ಸೀಳಿನ ತುಳಸಿಯ ಪಂಗಡವೊಂದೇ ಕುಟುಂಬದ ಸುಮಾರು ಅರ್ಧದಷ್ಟು ಪ್ರಭೇದಗಳನ್ನು ಒಳಗೊಂಡಿದೆ.

ತೇಗವೂ ತುಳಸಿಯ ನಂಟ

ಈ ವಿಚಾರಣೆ ಕುಟುಂಬದ ಗಡಿಯನ್ನೂ ಕದಲಿಸಿತು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ತೇಗವನ್ನೂ, ಬೇಲಿಯ ಲಕ್ಕಿ ಗಿಡವನ್ನೂ, ಶಿವನಿ ಮರವನ್ನೂ ಹಳೆಯ ಪುಸ್ತಕಗಳು ವರ್ಬಿನೇಸೀ ಎಂಬ ಬೇರೆ ಕುಟುಂಬದಲ್ಲಿ, ಲಂಟಾನದ ಜೊತೆಗೆ ಇರಿಸಿದ್ದವು. ಇವುಗಳಲ್ಲಿ ಅಂಡಾಶಯ ತುಳಸಿಯದರಂತೆ ಆಳವಾಗಿ ನಾಲ್ಕು ಹೋಳಾಗಿಲ್ಲದಿರುವುದೇ ಅದಕ್ಕೆ ಮುಖ್ಯ ಕಾರಣ. ಆದರೆ ಹೋಳಾಗದಿರುವುದೂ ಹಳೆಯ ಗುಣವೇ. ಅದು ನಂಟಿನ ಗುರುತಲ್ಲ. 1992ರಲ್ಲಿ ಕ್ಯಾಂಟಿನೊ ಮತ್ತು ಅವರ ಸಂಗಡಿಗರು ತೇಗ, ಲಕ್ಕಿ, ಶಿವನಿ ಮೊದಲಾದವನ್ನು ತುಳಸಿಯ ಕುಟುಂಬಕ್ಕೆ ವರ್ಗಾಯಿಸಿದರು. ಲಂಟಾನ ಮಾತ್ರ ಹಿಂದಿನ ಮನೆಯಲ್ಲೇ ಉಳಿಯಿತು. ಇಲ್ಲಿಯೂ ಪರಾಗ ಸಾಕ್ಷಿ ನುಡಿಯಿತು: ಲಂಟಾನದ ಬಳಗದಲ್ಲಿ ಹೊರಗೋಡೆ ದ್ವಾರದ ಅಂಚಿನ ಬಳಿ ದಪ್ಪವಾಗಿರುತ್ತದೆ, ತೇಗದ ಬಳಗದಲ್ಲಿಯೂ ತುಳಸಿಯ ಬಳಗದಲ್ಲಿಯೂ ಹಾಗೆ ದಪ್ಪವಾಗಿರುವುದಿಲ್ಲ. ಬಾಗಿಲು ವಾಡದ ಮನೆಗಳಿಗೆ ಬೇಕಾದ ತೊಲೆಯನ್ನು ಕೊಡುವ ಹೆಮ್ಮರವೂ, ಅದೇ ಮನೆಯ ಅಂಗಳದ ಮೊಳದುದ್ದದ ಗಿಡವೂ ಒಂದೇ ಕುಟುಂಬವೆಂಬುದು ಹೀಗೆ ಸ್ಥಿರಪಟ್ಟಿತು.

ನೀವೇ ನೋಡಿರಿ

ಸೀಳುಗಳನ್ನು ಎಣಿಸಲು ಆಮ್ಲವೂ ಬೇಡ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಬೇಡ. ಬೆಳಕಿನ ಅಲೆಯುದ್ದದ ದೆಸೆಯಿಂದ ಒಳ್ಳೆಯ ಸಾಮಾನ್ಯ ಸೂಕ್ಷ್ಮದರ್ಶಕವೂ ಸುಮಾರು 0.2 ಮೈಕ್ರೋಮೀಟರಿಗಿಂತ ಸಣ್ಣ ವಿವರಗಳನ್ನು ಬಿಡಿಸಿ ತೋರಿಸಲಾರದು. ಬಲೆಯೊಳಗಿನ ಸಣ್ಣ ಬಲೆಯನ್ನು ಚೆನ್ನಾಗಿ ನೋಡಲು ಎಲೆಕ್ಟ್ರಾನು ಬೇಕು. ಆದರೆ ಮೂರೋ ಆರೋ ಎಂಬುದನ್ನು ತಿಳಿಯಲು ಕಾಲೇಜಿನ ಪ್ರಯೋಗಶಾಲೆಯ 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಧಾರಾಳವಾಗಿ ಸಾಕು.

ಈಗತಾನೆ ಅರಳಿದ ತುಳಸಿಯ ಹೂವನ್ನು ಬೆಳಗ್ಗೆ ಆರಿಸಿಕೊಳ್ಳಿರಿ. ಗಾಜಿನ ಪಟ್ಟಿಯ ಮೇಲೆ, ಚೂರು ಸಾಫ್ರನಿನ್ ಬಣ್ಣ ಬೆರೆಸಿದ ಗ್ಲಿಸರಿನ್ನಿನ ಒಂದು ಹನಿಯಲ್ಲಿ ಅದರ ಪರಾಗಕೋಶವನ್ನು ಸೂಜಿಯಿಂದ ಒಡೆಯಿರಿ. ತೆಳುಗಾಜನ್ನು ಮುಚ್ಚಿ ಕೆಲವು ನಿಮಿಷ ಬಿಡಿರಿ. ಮೊದಲು ಕಾಣುವ ಕಣಗಳು ಬಹುಶಃ ಮಗ್ಗುಲಾಗಿ ಮಲಗಿರುತ್ತವೆ. ಆ ಭಂಗಿಯಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ತೆಳುಗಾಜಿನ ಅಂಚನ್ನು ಸೂಜಿಯ ತುದಿಯಿಂದ ಮೆಲ್ಲನೆ ತಟ್ಟಿದರೆ ಕಣಗಳು ಉರುಳುತ್ತವೆ. ಧ್ರುವವನ್ನು ನಿಮ್ಮತ್ತ ತಿರುಗಿಸಿದ ಕಣವೊಂದನ್ನು ಹುಡುಕಿ, ದೃಷ್ಟಿಕೇಂದ್ರವನ್ನು ಮೇಲೆ ಕೆಳಗೆ ಸರಿಸುತ್ತ ಎಣಿಸಿರಿ. ಅನಂತರ ತುಂಬೆಗೂ ಪುದೀನಕ್ಕೂ ಹಾಗೆಯೇ ಮಾಡಿರಿ. ಒಂದು ಕಣದಿಂದ ತೀರ್ಮಾನಿಸಬೇಡಿರಿ. ಪ್ರತಿಯೊಂದು ಗಿಡದಲ್ಲೂ ಐವತ್ತು ಕಣಗಳನ್ನಾದರೂ ಎಣಿಸಿ ಪಟ್ಟಿ ಮಾಡಿರಿ. ಈ ಕುಟುಂಬದಲ್ಲಿ ಅಲ್ಲೊಂದು ಇಲ್ಲೊಂದು ಕಣ ನಾಲ್ಕು ಅಥವಾ ಎಂಟು ಸೀಳುಗಳನ್ನು ತೋರಿಸುವುದುಂಟು. ಅದನ್ನು ಬಿಟ್ಟುಬಿಡದೆ ಬರೆದಿಡಿರಿ. ಗಡಿಯಾರದ ಲೋಲಕವನ್ನು ಅಳೆಯುವಾಗ ಒಂದು ಅಳತೆ ಉಳಿದವುಗಳಿಂದ ದೂರವಾದರೂ ಅದನ್ನು ಅಳಿಸಬಾರದೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ.

ಪಟ್ಟಿ ಮುಗಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಈ ಎರಡು ಗಿಡಗಳು ಯಾವ ಗುಣದಲ್ಲಿ ಹೋಲುತ್ತವೆ, ಆ ಗುಣ ಹಳೆಯದೋ ಹೊಸದೋ? ಮೊದಲನೆಯ ಪ್ರಶ್ನೆಗೆ ಸೂಕ್ಷ್ಮದರ್ಶಕ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಪಕ್ಕದ ಹೊಲದ ಸಾಸಿವೆಯ ಹೂವನ್ನೂ ತಂದು ನೋಡಬೇಕಾಗುತ್ತದೆ.